ಹಗಲಿನ ಮನುಷ್ಯ, ಇರುಳಿನ ತೋಳ

ವರದಾನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸೀಮೆಯವರಿಗೆ ಮೈಲಾರಲಿಂಗನ ಗೊರವರ ಪರಿಚಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕರಿಯ ಕಂಬಳಿಯ ನಿಲುವಂಗಿಯನ್ನು ತೊಟ್ಟು, ಕರಡಿಯ ಕೂದಲಿನ ಟೊಪ್ಪಿಗೆಯನ್ನಿಟ್ಟು, ಡಮರುಗವನ್ನು ನುಡಿಸುತ್ತ ಬರುವ ಈ ಭಕ್ತರು, ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿಯೂ ಹೊಳೆಯಾಚೆಯ ಮೈಲಾರದಲ್ಲಿಯೂ ದೋಣಿಯೆಂಬ ಪಾತ್ರೆಯಲ್ಲಿ ಹಾಲು-ಬಾಳೆಹಣ್ಣುಗಳನ್ನು ಹಾಕಿಸಿಕೊಂಡು, ನಾಯಿಗಳಂತೆ ಬೊಗಳಿ, ಒಬ್ಬರೊಡನೊಬ್ಬರು ಕಾದಾಡಿ, ಬಾಯಿಂದಲೇ ತಿನ್ನುವರು. ಸೇವೆಯು ತೀರಿದ ಬಳಿಕ ಎದ್ದು ಮನುಷ್ಯರಾಗಿಯೇ ಮನೆಗೆ ಹೋಗುವರು. ತಾನಾಗಿ ಒಪ್ಪಿ ತಳೆದ ರೂಪವನ್ನು ತಾನಾಗಿಯೇ ಬಿಡಬಹುದು. ಒಪ್ಪದೆ ಬಂದ ರೂಪದ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಒಂದು ಹಳೆಯ ಕಂಪ್ಯೂಟರ್ ಆಟವೆಂದರೆ ವಾಚಕರು ನಗಬಾರದು.

ಆ ಆಟದ ಹೆಸರು ‘ನೈಟ್ ಲೋರ್’. ಇಲ್ಲಿಯ ‘ನೈಟ್’ ಎಂಬುದಕ್ಕೆ ವೀರಯೋಧನೆಂದು ಅರ್ಥವಾದರೂ ಕಿವಿಗೆ ಅದು ‘ರಾತ್ರಿ’ಯೆಂದೇ ಕೇಳುವದು, ಆಟಕ್ಕೆ ಎರಡೂ ಒಪ್ಪುವವು. ಇಂಗ್ಲೆಂಡಿನ ಆಶ್ಬಿ-ಡಿ-ಲಾ-ಝೂಶ್ ಎಂಬ ಊರಿನ ಟಿಮ್ ಮತ್ತು ಕ್ರಿಸ್ ಸ್ಟ್ಯಾಂಪರ್ ಎಂಬ ಸೋದರರ ‘ಅಲ್ಟಿಮೇಟ್ ಪ್ಲೇ ದ ಗೇಮ್’ ಸಂಸ್ಥೆಯು ಇದನ್ನು 1984ರಲ್ಲಿ ಪ್ರಕಟಿಸಿತು. ಯಂತ್ರವು ಝಡ್‌ಎಕ್ಸ್ ಸ್ಪೆಕ್ಟ್ರಮ್. ಅದರ ನೆನಪಿನ ಉಗ್ರಾಣವು ಬರಿಯ 48 ಕಿಲೋಬೈಟ್. ಈಗಿನ ಫೋನಿನಲ್ಲಿ ತೆಗೆದ ಒಂದು ಭಾವಚಿತ್ರವೂ ಅದರಲ್ಲಿ ಹಿಡಿಸಲಾರದು! ಹಾಡಿನ ಕ್ಯಾಸೆಟ್ಟಿನಂಥ ಕ್ಯಾಸೆಟ್ಟನ್ನು ಹಾಕಿ, ಕೆಲವು ನಿಮಿಷಗಳ ವರೆಗೆ ಕರ್ಕಶವಾದ ಕಿರಿಚಾಟವನ್ನು ಸಹಿಸಿದ ಮೇಲೆಯೇ ದೂರದರ್ಶನದ ಪರದೆಯ ಮೇಲೆ ಆಟವು ಮೂಡುತ್ತಿತ್ತು.

ಕಥೆಯು ಸಣ್ಣದು. ಸೇಬರ್‌ಮನ್ ಎಂಬ ಸಾಹಸಿಗೆ ‘ಸೇಬರ್ ವುಲ್ಫ್’ ಎಂಬ ಮೃಗವು ಕಚ್ಚಿದೆ. ಅಂದಿನಿಂದ ಅವನು ಹಗಲಲ್ಲಿ ಮನುಷ್ಯ, ಇರುಳಲ್ಲಿ ತೋಳ. ಮೆಲ್ಕಿಯರ್ ಎಂಬ ಮಾಂತ್ರಿಕನ ಕೋಟೆಯಲ್ಲಿ ಇದಕ್ಕೆ ಮದ್ದುಂಟು. ಕೋಟೆಯ 128 ಕೋಣೆಗಳಲ್ಲಿ ಅಲೆದು, ಮಾಂತ್ರಿಕನ ಕಡಾಯಿಯು ಬೇಡಿದ ಕ್ರಮದಲ್ಲಿ 14 ವಸ್ತುಗಳನ್ನು ತಂದು ಅದರಲ್ಲಿ ಹಾಕಬೇಕು. ಅವಧಿಯು 40 ದಿವಸ. ಅದು ಮೀರಿದರೆ ಆಟವು ಮುಗಿಯಿತು.

ಪರದೆಯ ಕೆಳಗಡೆ, ಬಲಮೂಲೆಯಲ್ಲಿ, ಒಂದು ಪುಟ್ಟ ಕಿಟಕಿ. ಅದರಲ್ಲಿ ಸೂರ್ಯನು ಮೆಲ್ಲಗೆ ಸಾಗುವನು. ಅವನು ಮರೆಯಾಗಲು ಚಂದ್ರನು ಬರುವನು. ಆ ಕ್ಷಣದಲ್ಲಿ ಸೇಬರ್‌ಮನ್ನನು ನಿಂತಲ್ಲಿಯೇ ನಿಲ್ಲುವನು. ಮೈ ನಡುಗುವದು, ಸೊಂಟ ತಿರುಚುವದು, ಮೋರೆಯು ಮೂತಿಯಾಗುವದು. ಅಷ್ಟು ಹೊತ್ತೂ ನಮ್ಮ ಬೆರಳಿನ ಕೆಳಗಿನ ಕೀಲಿಗಳಿಗೆ ಯಾವ ಅಧಿಕಾರವೂ ಇಲ್ಲ! ಒತ್ತಿದರೂ ಅವನು ನಡೆಯನು, ಹಾರನು. ಆಟವೆಂದರೆ ತನ್ನ ಕೈಮಾತು ನಡೆಯತಕ್ಕ ಜಾಗವೆಂದು ತಿಳಿದ ಹುಡುಗನಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಮೊದಮೊದಲು ನಮಗೂ ಸಿಟ್ಟು ಬರುತ್ತಿತ್ತು. ಬರುಬರುತ್ತ ಸಿಟ್ಟು ಇಳಿದು, ಆ ಬೊಂಬೆಯ ಮೇಲೆ ಕನಿಕರವು ಹುಟ್ಟಿತು.

ಹಗಲಲ್ಲಿ ಸುಮ್ಮನಿದ್ದ ಕೆಲವು ಪಿಶಾಚಿಗಳು ತೋಳನನ್ನು ಕಂಡರೆ ಮಾತ್ರ ಮೇಲೆ ಬೀಳುವವು. ಮದ್ದು ಕುದಿಯುವ ಕೋಣೆಯಲ್ಲಿಯೂ ತೋಳನಿಗೆ ಕ್ಷೇಮವಿಲ್ಲ. ಎಂದರೆ, ಯಾರಿಗೆ ಮದ್ದು ಬೇಕೋ ಅವನೇ ತನ್ನ ರೋಗದ ರೂಪದಲ್ಲಿ ಅಲ್ಲಿಗೆ ಹೋಗುವಂತಿಲ್ಲ. ಬಾಗಿಲ ಹೊರಗೆ ನಿಂತು ಬೆಳಗಾಗುವದನ್ನು ಕಾಯಬೇಕು. ಕಾದಷ್ಟೂ 40 ದಿವಸಗಳು ಸವೆಯುವವು. ಗಣಕದ ಆಟಗಳು ಮಕ್ಕಳಿಗೆ ಆತುರವನ್ನೇ ಕಲಿಸುವವೆಂದು ದೂರುವ ಗೃಹಸ್ಥರು ಈ ಕಾಯುವಿಕೆಯನ್ನು ಒಮ್ಮೆ ನೋಡಬೇಕಾಗಿತ್ತು.

ಇದೇ ವಿಷಯದ ಬೇರೆ ಆಟಗಳೂ ಬಂದವು. 1988ರಲ್ಲಿ ಸೆಗಾ ಸಂಸ್ಥೆಯು ತಂದ ‘ಆಲ್ಟರ್ಡ್ ಬೀಸ್ಟ್’ ಎಂಬುದರಲ್ಲಿಯೂ ಮನುಷ್ಯನು ತೋಳನಾಗುವನು. ಆದರೆ ಅಲ್ಲಿ ತೋಳತನವು ಶತ್ರುಗಳನ್ನು ಬಡಿದು ಗಳಿಸಿದ ಬಹುಮಾನ. ಅದು ಸೊಗಸಾದ ಆಟವೇ. ಆದರೂ ನಮ್ಮ ನಾಡಿನ ಅಜ್ಜಿಯರ ಕಥೆಗಳಿಗೆ ಹತ್ತಿರವಾದದ್ದು ಸ್ಟ್ಯಾಂಪರ್ ಸೋದರರದು. ಎ. ಕೆ. ರಾಮಾನುಜನ್ನರು ಕರ್ನಾಟಕದಲ್ಲಿ ಸಂಗ್ರಹಿಸಿದ ಒಂದು ಜನಪದ ಕಥೆಯಲ್ಲಿ ಹುಡುಗಿಯೊಬ್ಬಳು ಹೂವಿನ ಮರವಾಗುವಳು; ಕಂಡವರು ಕೊಂಬೆ ಮುರಿದುದರಿಂದ ಅವಳು ಅರೆಮೈಯವಳಾಗಿ ಉಳಿಯುವಳು. ರೂಪವನ್ನು ಬದಲಿಸುವದು ಸುಲಭ, ಮರಳಿ ಬರುವದೇ ಕಷ್ಟವೆಂಬುದನ್ನು ಆ ಕಥೆಯೂ ಬಲ್ಲದು, ಈ ಆಟವೂ ಬಲ್ಲದು.

ಕುಶಲತೆಯ ಮಾತನ್ನೂ ಸ್ವಲ್ಪ ಹೇಳತಕ್ಕದ್ದು. ಕೋಣೆಗಳನ್ನು ಮೂಲೆಯಿಂದ ಓರೆಯಾಗಿ ನೋಡಿದಂತೆ ಬರೆದು, ಕಲ್ಲಿನ ಹಿಂದೆ ಹೋದವನು ಮರೆಯಾಗುವಂತೆ ಮಾಡಿದ್ದು ಆಗಿನ ಕಾಲಕ್ಕೆ ದೊಡ್ಡ ಚಮತ್ಕಾರ. ಆ ಯಂತ್ರದಲ್ಲಿ ಬಣ್ಣಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವಾದ್ದರಿಂದ ಒಂದೊಂದು ಕೋಣೆಗೆ ಒಂದೇ ಬಣ್ಣವನ್ನು ಕೊಟ್ಟರು, ಕೊರತೆಯೇ ಶೋಭೆಯಾಯಿತು. ಆಟವು ಸಿದ್ಧವಾದ ಮೇಲೂ, ಇದನ್ನು ಕಂಡವರು ತಮ್ಮ ‘ಸೇಬರ್ ವುಲ್ಫ್’ ಆಟವನ್ನು ಕೊಳ್ಳಲಾರರೆಂದು ಸೋದರರು ಬಹುಕಾಲ ಇದನ್ನು ಮುಚ್ಚಿಟ್ಟಿದ್ದರಂತೆ. ವ್ಯಾಪಾರದ ಜಾಣತನಕ್ಕೆ ಏನನ್ನೋಣ!

ಮುಂದೆ ಈ ಆಟವು ಬಿಬಿಸಿ ಮೈಕ್ರೋ ಯಂತ್ರಕ್ಕೂ ಅಳವಟ್ಟಿತು. ಭಾರತ ಸರಕಾರವು 1984-85ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಿಂದ ಶಾಲೆಗಳಿಗೆ ಕಳಿಸಿದ್ದು ಅದೇ ಬಿಬಿಸಿ ಮೈಕ್ರೋ. ನಮ್ಮ ಶಾಲೆಗಳಿಗೆ ಅದು ಪಾಠಕ್ಕೆಂದು ಬಂತು. ವಿಲಾಯತಿಯ ಹುಡುಗರಿಗೆ ಅದರಲ್ಲಿಯೇ ತೋಳನೂ ಇದ್ದನು.

ಸ್ಟ್ಯಾಂಪರರ ಸಂಸ್ಥೆಯು ಬಳಿಕ ‘ರೇರ್’ ಎಂಬ ಹೆಸರಿನಿಂದ ಬೆಳೆದು, 2002ರಲ್ಲಿ ಮೈಕ್ರೋಸಾಫ್ಟಿನ ವಶವಾಯಿತು. 2015ರಲ್ಲಿ ಹೊರಟ ‘ರೇರ್ ರಿಪ್ಲೇ’ ಎಂಬ ಸಂಗ್ರಹದಲ್ಲಿ ನಮ್ಮ ತೋಳನಿಗೂ ಸ್ಥಾನ ದೊರೆತಿದೆ. ಹೊಸದಾಗಿ ಆಡತೊಡಗುವವರು ಕತ್ತಿಗೆಂದು ಹುಡುಕಬಾರದು, ಈ ಕೋಟೆಯಲ್ಲಿ ಅದು ಇಲ್ಲ. ಒಂದು ಕಣ್ಣು ಆ ಪುಟ್ಟ ಕಿಟಕಿಯ ಮೇಲಿರಲಿ. ಸೂರ್ಯನು ಅಂಚಿಗೆ ಬಂದಾಗ ಮುಳ್ಳುಗಳ ಮೇಲೆ ಹಾರುವ ಗೋಜಿಗೆ ಹೋಗದೆ, ನೆಲದ ಮೇಲೆ ಸುಮ್ಮನೆ ನಿಲ್ಲುವದು ಒಳ್ಳೆಯದು.