ಅಂಗೈಯ ಬೊಬ್ಬೆ: ಅಲಕ್ಷ್ಯ ಸಲ್ಲದು



ಬೆಳೆಗೆ ತಗಲುವ ರೋಗಗಳ ಬಗ್ಗೆ ಈ ಪುಟಗಳಲ್ಲಿ ಬರೆಯುತ್ತಲೇ ಬಂದಿದ್ದೇವೆ. ಬೆಳೆ ತೆಗೆಯುವ ಕೈಗಳ ಬಗ್ಗೆ ಬರೆದದ್ದು ಕಡಿಮೆ. ನಮ್ಮ ತೋಟದಲ್ಲಿಯೇ ನಡೆದ ಒಂದು ಪ್ರಸಂಗ ಈ ಲೋಪವನ್ನು ನೆನಪಿಸಿತು.

ಕಳೆದ ಅಡಿಕೆ ಕೊಯ್ಲಿನಲ್ಲಿ ದೋಟಿ ಹಿಡಿಯಲು ಹೊಸ ಹುಡುಗನೊಬ್ಬ ಬಂದಿದ್ದ. ಎರಡನೆಯ ದಿನವೇ ಅವನ ಅಂಗೈ ತುಂಬ ಬೊಬ್ಬೆ ಎದ್ದವು. "ನಾಲ್ಕು ದಿನ ಹೋದರೆ ಕೈ ತಾನಾಗಿ ಜಡ್ಡುಗಟ್ಟುತ್ತದೆ" ಎಂದು ನಾವು ಹೇಳಿಬಿಟ್ಟೆವು. ಅವನು ಬೊಬ್ಬೆಯ ಚರ್ಮ ಕಿತ್ತು, ಹಳೆಯ ಬಟ್ಟೆ ಸುತ್ತಿ, ಕೂಲಿ ತಪ್ಪಬಾರದೆಂದು ಮತ್ತೆ ದೋಟಿ ಹಿಡಿದ. ಐದನೆಯ ದಿನಕ್ಕೆ ಕೈ ಬಾತು ಕೀವಾಯಿತು, ಜ್ವರವೂ ಬಂತು. ಆಸ್ಪತ್ರೆಗೆ ಕರೆದೊಯ್ದೆವು, ಗುಣವಾಯಿತು. ಆದರೆ ಅವನ ಎರಡು ವಾರದ ದುಡಿಮೆ ಹೋಯಿತು. ತಪ್ಪು ನಮ್ಮದು.

ಆಗ ರಜೆಗೆ ಬಂದಿದ್ದ ನಮ್ಮ ತಮ್ಮನ ಮಗಳು ಜಿಮ್ನಾಸ್ಟಿಕ್ಸ್ ಕಲಿಯುವವಳು. "ದೊಡ್ಡಪ್ಪ, ಬಾರ್ ಹಿಡಿದು ತೂಗಿ ತೂಗಿ ನಮ್ಮ ಕೈಯೂ ಹೀಗೇ ಆಗುತ್ತದೆ. ಕೈ ನೋಡಿಕೊಳ್ಳುವುದನ್ನೂ ನಮಗೆ ಪಾಠದ ಜೊತೆಗೇ ಹೇಳಿಕೊಡುತ್ತಾರೆ" ಎಂದಳು. ಆಟದ ಮಕ್ಕಳಿಗೆ ಕಲಿಸುವುದನ್ನು ದುಡಿಯುವವರಿಗೆ ನಾವು ಹೇಳಿಕೊಟ್ಟಿರಲಿಲ್ಲ.

ಬೊಬ್ಬೆ ಏಕೆ ಏಳುತ್ತದೆ?

ಅಂಗೈಯ ಹೊರಚರ್ಮ ಹಿಡಿಗೆ ಅಂಟಿಕೊಂಡಿರುತ್ತದೆ, ಒಳಗಿನ ಮೂಳೆ ಅತ್ತಿತ್ತ ಸರಿಯುತ್ತದೆ. ಈ ಎಳೆದಾಟದಲ್ಲಿ ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಬೆವರಿದ ಕೈಯಲ್ಲಿ ಈ ಘರ್ಷಣೆ ಹೆಚ್ಚು. ಆದ್ದರಿಂದಲೇ ಜಿಮ್ನಾಸ್ಟ್‌ಗಳು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು ಅಂಗೈಗೆ ಸವರಿಕೊಳ್ಳುತ್ತಾರೆ, ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಜಡ್ಡು ದಪ್ಪವಾಗಿ ಉಬ್ಬಿದರೆ ಬಾರ್‌ಗೆ ಸಿಕ್ಕಿ ಇಡಿಯಾಗಿ ಹರಿದುಬರುವುದರಿಂದ, ಸ್ನಾನದ ನಂತರ ಅದನ್ನು ಉಜ್ಜುಗಲ್ಲಿನಿಂದ ಹದವಾಗಿ ಸವೆಸುತ್ತಾರೆ.

ತಡೆಯುವ ಬಗೆ

ದೋಟಿಗೆ, ಹಾರೆ ಗುದ್ದಲಿಗೆ, ಗಿಡಕಸಿ ಮಾಡುವ ಕತ್ತರಿಗೆ ಇದೇ ನಿಯಮ. ಬೆವರು ಒರೆಸಲು ಒಣ ಬಟ್ಟೆ ಜೊತೆಯಲ್ಲಿರಲಿ. ಕೈಗವಸು ಅಳತೆಗೆ ಸರಿಯಾಗಿರಲಿ. ಸಡಿಲವಾದದ್ದು ಒಳಗೇ ಜಾರಿ ಇನ್ನಷ್ಟು ಉಜ್ಜುತ್ತದೆ. ಮರದ ಹಿಡಿಯ ಸಿಬಿರನ್ನು ಕೆತ್ತಿ ನುಣುಪು ಮಾಡಿ. ಹೊಸಬರಿಗೆ ಮೊದಲ ದಿನಗಳಲ್ಲಿ ಅರ್ಧ ದಿನ ಮಾತ್ರ ಆ ಕೆಲಸ ಕೊಟ್ಟು ಕ್ರಮೇಣ ಹೆಚ್ಚಿಸಿ. ಅಂಗೈ ಉರಿದು ಕೆಂಪಾದೊಡನೆ ಕೆಲಸ ನಿಲ್ಲಿಸಿ ಆ ಜಾಗಕ್ಕೆ ಪ್ಲಾಸ್ಟರ್ ಹಾಕಿದರೆ ಅನೇಕ ವೇಳೆ ಬೊಬ್ಬೆ ಏಳುವುದೇ ಇಲ್ಲ.

ಎದ್ದ ಮೇಲೆ

ಸಣ್ಣ ಬೊಬ್ಬೆಯನ್ನು ಒಡೆಯಬೇಡಿ. ಮೇಲಿನ ಚರ್ಮವೇ ಅದಕ್ಕೆ ಒಳ್ಳೆಯ ಹೊದಿಕೆ. ದೊಡ್ಡದಾಗಿ ನೋಯುತ್ತಿದ್ದರೆ ಸಾಬೂನು ನೀರಿನಿಂದ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ, ಚರ್ಮ ಕೀಳಬೇಡಿ. ವ್ಯಾಸಲೀನ್ ಸವರಿ, ಶುದ್ಧ ಗಾಜ್ ಕಟ್ಟಿ, ದಿನವೂ ಬದಲಿಸಿ. ತಾನಾಗಿ ಒಡೆದಿದ್ದರೂ ಇದೇ ಉಪಚಾರ. ಕಾಫಿ ಪುಡಿ, ಸುಣ್ಣ ಮೆತ್ತುವ ರೂಢಿಯನ್ನು ಬಿಡಬೇಕು. ಸಾಮಾನ್ಯವಾಗಿ ಒಂದು ವಾರದೊಳಗೆ ಹೊಸ ಚರ್ಮ ಬರುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರ ಸೂಜಿ ಮುಟ್ಟದೆ ವೈದ್ಯರಿಗೆ ತೋರಿಸಬೇಕು. ಕೀವು, ಬಾವು, ತೋಳಿನತ್ತ ಏರುವ ಕೆಂಪು ಗೆರೆ, ಜ್ವರ ಕಂಡರೆ ಯಾರೂ ತಡಮಾಡಬಾರದು. ಧನುರ್ವಾಯುವಿನ ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದೂ ವಿಚಾರಿಸಿಕೊಳ್ಳಿ.

ತೋಟದವರಿಗೆ ಇನ್ನೆರಡು ಎಚ್ಚರಿಕೆಗಳು. ಇಲಿ ಜ್ವರದ ರೋಗಾಣು ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಚರ್ಮದ ಗಾಯದ ಮೂಲಕ ದೇಹ ಸೇರುತ್ತದೆ. ಒಡೆದ ಬೊಬ್ಬೆಯ ಕೈಯಲ್ಲಿ ಬಸಿಗಾಲುವೆ ಬಿಡಿಸಬಾರದು. ಹಾಗೆಯೇ ಮೈಲುತುತ್ತ ಮತ್ತು ಸುಣ್ಣ ಕಲಸುವ ಬೋರ್ಡೋ ದ್ರಾವಣದ ಕೆಲಸದಿಂದಲೂ ಅಂಥವರನ್ನು ದೂರವಿಡಿ.

ಕಡೆಯದಾಗಿ ಒಂದು ಮಾತು. ಆ ಹುಡುಗ ಕೈ ಮುಚ್ಚಿಟ್ಟುಕೊಂಡದ್ದು ನೋವು ತಿಳಿಯದೆ ಅಲ್ಲ, ಕೂಲಿ ಹೋಗುವ ಭಯದಿಂದ. ಅಂಗೈ ಒಡೆದವರಿಗೆ ಮೂರು ನಾಲ್ಕು ದಿನ ಕೈಗೆ ಭಾರವಿಲ್ಲದ ಕೆಲಸವನ್ನು ಅದೇ ಕೂಲಿಗೆ ಕೊಡುವುದೆಂದು ನಮ್ಮ ತೋಟದಲ್ಲಿ ಈಗ ನಿಶ್ಚಯಿಸಿದ್ದೇವೆ. ಶೆಡ್ಡಿನ ಗೂಡಿನಲ್ಲಿ ಸಾಬೂನು, ಗಾಜ್, ಪ್ಲಾಸ್ಟರ್, ವ್ಯಾಸಲೀನ್ ಇಟ್ಟಿದ್ದೇವೆ. ಮುಂದಿನ ಕೊಯ್ಲಿಗೆ ಮೊದಲು ತಾವೂ ಹೀಗೆಯೇ ಏರ್ಪಾಡು ಮಾಡಿಕೊಳ್ಳಬೇಕೆಂದು ವಿನಂತಿಸುತ್ತೇವೆ.

— ಕಾರ್ಯದರ್ಶಿ