ಚೆಕ್ಕು ಮರಳಿ ಬಂದಾಗ: ಕಲಂ 138ರ ದಿನಲೆಕ್ಕ

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ತೂಗುಹಾಕಿದ ಅಂಗಡಿಗಳಲ್ಲಿಯೂ ಖಾತೆಪುಸ್ತಕವನ್ನು ತೆರೆದು ನೋಡಿದರೆ ಉದ್ರಿಯ ಪುಟಗಳಿಗೇನೂ ಕೊರತೆ ಇರುವುದಿಲ್ಲ. ಉದ್ರಿಗೆ ಭರವಸೆಯಾಗಿ ಚೆಕ್ಕು ಬರುತ್ತದೆ. ಆ ಚೆಕ್ಕು ಕೆಲವೊಮ್ಮೆ ಗೋಡೆಗೆ ಎಸೆದ ಚೆಂಡಿನಂತೆ ಬಂದ ದಾರಿಯಲ್ಲಿಯೇ ಮರಳುತ್ತದೆ. ಆಗ ವರ್ತಕರಿಗೆ ನೆನಪಾಗುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಕಲಂ 138. ಕಾಯಿದೆ 1881ರದಾದರೂ ಈ ಕಲಂ ಜಾರಿಗೆ ಬಂದುದು 1989ರ ಏಪ್ರಿಲ್ 1ರಂದು. ಅಪರಾಧ ಸಾಬೀತಾದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ಈ ಅಸ್ತ್ರವು ಪಂಚಾಂಗ ನೋಡಿ ಪ್ರಯೋಗಿಸಬೇಕಾದಂಥದು. ಮುಹೂರ್ತ ತಪ್ಪಿದರೆ ಅಸ್ತ್ರವೂ ಚೆಕ್ಕಿನಂತೆಯೇ ಮರಳಿ ಬರುತ್ತದೆ.

ನಾಲ್ಕು ಗಡುವುಗಳು

ಮೊದಲನೆಯದಾಗಿ, ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಜರುಪಡಿಸಬೇಕು. ಹಿಂದೆ ಆರು ತಿಂಗಳಿದ್ದ ಈ ಅವಧಿಯನ್ನು ರಿಸರ್ವ್ ಬ್ಯಾಂಕು 2012ರ ಏಪ್ರಿಲ್ 1ರಿಂದ ಇಳಿಸಿದೆ. ಎರಡನೆಯದಾಗಿ, ಚೆಕ್ಕು ಮರಳಿದ ಮಾಹಿತಿ ಬ್ಯಾಂಕಿನಿಂದ ದೊರೆತ 30 ದಿನಗಳೊಳಗೆ ಲಿಖಿತ ನೋಟಿಸು ಕಳುಹಿಸಬೇಕು. ಮೂರನೆಯದಾಗಿ, ನೋಟಿಸು ತಲುಪಿದ ಬಳಿಕ ಹಣ ಪಾವತಿಸಲು ಚೆಕ್ಕು ಕೊಟ್ಟವನಿಗೆ 15 ದಿನಗಳ ಅವಕಾಶವಿದೆ. ನಾಲ್ಕನೆಯದಾಗಿ, ಆ ಅವಕಾಶ ಮುಗಿದ ಮೇಲೆ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ಫಿರ್ಯಾದು ಸಲ್ಲಿಸಬೇಕು.

ಉದಾಹರಣೆಗೆ, ಬ್ಯಾಂಕಿನ ಮಾಹಿತಿ ಜೂನ್ 5ರಂದು ದೊರೆತರೆ ನೋಟಿಸಿಗೆ ಜುಲೈ 5 ಕಡೆಯ ದಿನ. ನೋಟಿಸು ಜೂನ್ 20ರಂದು ತಲುಪಿದರೆ ಪಾವತಿಯ ಅವಕಾಶ ಜುಲೈ 5ಕ್ಕೆ ಮುಗಿಯುತ್ತದೆ. ಜುಲೈ 6ರಂದು ವ್ಯಾಜ್ಯಕಾರಣ ಹುಟ್ಟುತ್ತದೆ. ಆ ದಿನವನ್ನು ಬಿಟ್ಟು ಎಣಿಸಿದರೆ ಫಿರ್ಯಾದಿಗೆ ಆಗಸ್ಟ್ 6ರವರೆಗೆ ಕಾಲಾವಕಾಶ. ಫಿರ್ಯಾದಿನ ವಿಳಂಬವನ್ನು ಸಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ನೋಟಿಸಿನ ವಿಳಂಬಕ್ಕೆ ಅಂಥ ಮನ್ನಣೆ ಇಲ್ಲ. ‘ಮುಂದಿನ ವಾರ ಖಂಡಿತ’ ಎಂಬ ಮಾತನ್ನು ನಂಬಿ ನೋಟಿಸಿನ ಗಡುವು ಮೀರಿದವರಿಗೆ ಒಂದು ಸಮಾಧಾನವುಂಟು. ಚೆಕ್ಕಿನ ಅವಧಿ ಮುಗಿದಿರದಿದ್ದರೆ ಅದನ್ನು ಮತ್ತೊಮ್ಮೆ ಹಾಜರುಪಡಿಸಿ, ಪುನಃ ಮರಳಿದರೆ ಹೊಸ ನೋಟಿಸು ಕೊಡಬಹುದೆಂದು ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿದೆ.

ಒಂದು ಕೋಟಿಯ ಚೆಕ್ಕು, ಎರಡು ಕೋಟಿಯ ನೋಟಿಸು

ನೋಟಿಸಿನಲ್ಲಿ ಕೇಳಬೇಕಾದುದು ‘ಸದರಿ ಚೆಕ್ಕಿನ ಮೊತ್ತ’. ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಚೆಕ್ಕು ಇದ್ದುದು ಒಂದು ಕೋಟಿ ರೂಪಾಯಿಗೆ. ನೋಟಿಸು ಕೇಳಿದ್ದು ಎರಡು ಕೋಟಿ. ಬೆರಳಚ್ಚಿನ ದೋಷವೆಂಬ ಸಮಜಾಯಿಷಿಯನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ ಒಪ್ಪಲಿಲ್ಲ. ನೋಟಿಸು ಅಸಿಂಧುವಾಯಿತು, ಫಿರ್ಯಾದು ಬಿದ್ದುಹೋಯಿತು. ಒಂದು ಅಂಕಿಯನ್ನು ಓದಿ ನೋಡದ ಅವಸರಕ್ಕೆ ತೆತ್ತ ಬೆಲೆಯಿದು. ಬಡ್ಡಿ, ವಕೀಲರ ಶುಲ್ಕ ಇತ್ಯಾದಿಗಳನ್ನು ಕೇಳಬಾರದೆಂದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ತೋರಿಸಿ, ಚೆಕ್ಕಿನ ಮೊತ್ತವನ್ನು ಸ್ಪಷ್ಟವಾಗಿ ಬೇರೆಯಾಗಿ ನಮೂದಿಸಬೇಕು.

ಅಂಚೆಯವನನ್ನು ಕಂಡು ಅಡಗುವವರು

ನೋಟಿಸು ಬರುವ ಸುಳಿವು ಸಿಕ್ಕಿದೊಡನೆ ಕೆಲವರು ‘ಊರಲ್ಲಿಲ್ಲ’, ‘ಬಾಗಿಲು ಹಾಕಿದೆ’ ಎಂಬ ಷರಾ ಬರೆಯಿಸುವ ಕಲೆಯಲ್ಲಿ ನಿಪುಣರಾಗುತ್ತಾರೆ. ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ ನೋಟಿಸು ತಲುಪಿದೆಯೆಂದೇ ಭಾವಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹೇಳಿತು. ನಿಜವಾಗಿಯೂ ನೋಟಿಸು ಕಾಣದವನು ಸಮನ್ಸು ಬಂದ 15 ದಿನಗಳಲ್ಲಿ ಹಣ ಕಟ್ಟಿ ಫಿರ್ಯಾದನ್ನು ತಿರಸ್ಕರಿಸುವಂತೆ ಕೋರಬಹುದು. ಆಗಲೂ ಕಟ್ಟದವನಿಗೆ ‘ನೋಟಿಸೇ ಬರಲಿಲ್ಲ’ ಎನ್ನುವ ಬಾಯಿಲ್ಲ.

‘ಚೆಕ್ಕು ಕಳೆದುಹೋಗಿತ್ತು’

ಬ್ಯಾಂಕಿಗೆ ‘ಪಾವತಿ ನಿಲ್ಲಿಸಿ’ ಎಂದು ಬರೆದರೆ ಪಾರಾದೆವೆಂಬ ನಂಬಿಕೆ ಇನ್ನೂ ಉಳಿದಿದೆ. ಪಾವತಿ ತಡೆದ ಚೆಕ್ಕಿಗೂ ಕಲಂ 138 ಅನ್ವಯಿಸುತ್ತದೆಂದು ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ 1998ರಲ್ಲಿಯೇ ತೀರ್ಮಾನವಾಗಿದೆ. ಕರ್ನಾಟಕದಿಂದಲೇ ದೆಹಲಿಗೆ ಹೋದ 45,000 ರೂಪಾಯಿಗಳ ಚೆಕ್ಕೊಂದರ ಕಥೆ ಇನ್ನೂ ಬೋಧಪ್ರದ. ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತು, ಆದ್ದರಿಂದ ಪಾವತಿ ತಡೆದೆನೆಂಬುದು ಆರೋಪಿಯ ವಾದ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು. ಉಚ್ಚ ನ್ಯಾಯಾಲಯ ಶಿಕ್ಷೆ ವಿಧಿಸಿತು. ಸರ್ವೋಚ್ಚ ನ್ಯಾಯಾಲಯ 2010ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಸಹಿ ಒಪ್ಪಿದ ಮೇಲೆ ಸಾಲವೂ ಇತ್ತೆಂದೇ ಕಲಂ 139ರನ್ವಯ ಪೂರ್ವಭಾವನೆ. ಅದನ್ನು ಅಲ್ಲಗಳೆಯುವ ಹೊಣೆ ಸಹಿ ಮಾಡಿದವನದು. ನೋಟಿಸಿಗೆ ಉತ್ತರವನ್ನೇ ಕೊಡದಿದ್ದುದೂ ಆತನಿಗೆ ಮುಳುವಾಯಿತು. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ ಈ ಪೂರ್ವಭಾವನೆ ಅನ್ವಯಿಸುತ್ತದೆಂದು 2019ರ ತೀರ್ಪೊಂದು ಸ್ಪಷ್ಟಪಡಿಸಿದೆ.

ಹಣ ಪಡೆಯುವವನಿಗೂ ಮಿತಿಯುಂಟು

ಕಾನೂನು ಏಕಪಕ್ಷೀಯವಲ್ಲ. ಇಂಡಸ್ ಏರ್‌ವೇಸ್ ಪ್ರಕರಣದಲ್ಲಿ (2014) ವಿಮಾನದ ಬಿಡಿಭಾಗಗಳಿಗೆ ಮುಂಗಡವಾಗಿ ಚೆಕ್ಕು ಕೊಡಲಾಗಿತ್ತು. ಮಾಲು ಬರುವ ಮೊದಲೇ ಆರ್ಡರು ರದ್ದಾಯಿತು. ಆ ದಿನದಂದು ಯಾವ ಬಾಕಿಯೂ ಇರಲಿಲ್ಲವಾದ್ದರಿಂದ ಅಪರಾಧವಿಲ್ಲ, ಹಾನಿಯಿದ್ದರೆ ಸಿವಿಲ್ ದಾವೆಯ ದಾರಿ ಹಿಡಿಯಬಹುದೆಂದು ತೀರ್ಪಾಯಿತು.

ಭಾಗಶಃ ಪಾವತಿಯ ವಿಷಯ ಇನ್ನೂ ಸೂಕ್ಷ್ಮ. ಐದು ಲಕ್ಷದ ಚೆಕ್ಕು ಕೊಟ್ಟವನು ನಡುವೆ ಎರಡು ಲಕ್ಷ ತೀರಿಸಿದ್ದಾನೆನ್ನೋಣ. ಹಳೆಯ ಚೆಕ್ಕನ್ನು ಐದು ಲಕ್ಷಕ್ಕೇ ಹಾಜರುಪಡಿಸಿ ಅದು ಮರಳಿದರೆ ಕಲಂ 138ರ ಅಪರಾಧವಾಗದು. ಸಂದಾಯವನ್ನು ಚೆಕ್ಕಿನ ಮೇಲೆಯೇ ಕಲಂ 56ರಂತೆ ನಮೂದಿಸಿ, ಉಳಿದ ಮೂರು ಲಕ್ಷಕ್ಕೆ ಮಾತ್ರ ಹಾಜರುಪಡಿಸಬೇಕೆಂಬುದು 2022ರ ತೀರ್ಪು. ಹಳೆಯ ಚೆಕ್ಕನ್ನು ಹಿಂತಿರುಗಿಸಿ ಬಾಕಿಗೆ ಹೊಸ ಚೆಕ್ಕು ಪಡೆಯುವುದು ಇದಕ್ಕಿಂತ ಸುಲಭ.

ವರ್ತಕರ ಗಮನಕ್ಕೆ

ಫಿರ್ಯಾದಿಯ ಖಾತೆಯಿರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಫಿರ್ಯಾದು ಹೂಡಬಹುದೆಂದು 2015ರ ತಿದ್ದುಪಡಿ ಅನುಕೂಲ ಮಾಡಿಕೊಟ್ಟಿದೆ. ಹೊರಗಿನ ಗಿರಾಕಿಯ ಬೆನ್ನುಹತ್ತಿ ಪರಊರಿಗೆ ಅಲೆಯಬೇಕಾಗಿಲ್ಲ. 2018ರ ತಿದ್ದುಪಡಿಯಂತೆ ಚೆಕ್ಕಿನ ಮೊತ್ತದ ಶೇಕಡ 20ರವರೆಗೆ ಮಧ್ಯಂತರ ಪರಿಹಾರವನ್ನೂ ಕೋರಬಹುದು. ಅದನ್ನು ಕೊಡುವುದು ನ್ಯಾಯಾಲಯದ ವಿವೇಚನೆ. ರಾಜಿಗೂ ಕಾಯಿದೆಯಲ್ಲಿ ಎಡೆಯುಂಟು; ಅದು ಬೇಗನೆ ಆದಷ್ಟೂ ಇಬ್ಬರಿಗೂ ಅಗ್ಗ.

ಬಿಲ್ಲು, ಮಾಲು ಸಂದ ರಸೀದಿ, ಖಾತೆಯ ಉತಾರ, ಬ್ಯಾಂಕಿನ ಹಿಂಬರಹ, ಅಂಚೆಯ ರಸೀದಿ ಇವು ಒಂದೇ ಕಡತದಲ್ಲಿರಲಿ. ಚೆಕ್ಕು ಮರಳಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂವತ್ತನೆಯ ದಿನಕ್ಕೊಂದು ಗುರುತು ಹಾಕುವುದು ಲೇಸು. ಗಿರಾಕಿಯ ನಾಳೆಗಳಿಗೆ ಲೆಕ್ಕವಿಲ್ಲದಿರಬಹುದು. ಕಾಯಿದೆ ಕೊಡುವ ನಾಳೆಗಳು ಎಣಿಸಿ ಮೂವತ್ತು.