ಸಹಿ ಹೊಂದುತ್ತಿಲ್ಲವೇ? ಕೈ ನಡುಕದ ಕಾರಣ ನೋಡಿಸಿ

ಮಿರಜ: ಪೆನ್ಶನ್ ತೆಗೆಯಲು ಬ್ಯಾಂಕಿಗೆ ಬಂದ ಹಿರಿಯರ ಸಹಿ ಹೊಂದುವುದಿಲ್ಲ. ‘ಇನ್ನೊಂದು ಸಲ ಮಾಡ್ರಿ’ ಎಂದು ಕೌಂಟರ್‌ನಿಂದ ಚೀಟಿ ಮರಳಿ ಬರುತ್ತದೆ. ಎಲ್ಲರೂ ನೋಡುತ್ತಿದ್ದಾರೆಂದು ಕೈ ಮತ್ತಷ್ಟು ನಡುಗುತ್ತದೆ. ಪಾಳಿಯಲ್ಲಿ ನಿಂತ ಯಾರೋ ‘ಮುಂಜಾನೆನ ಹಾಕ್ಯಾರೇನೋ’ ಅನ್ನುತ್ತಾರೆ. ಮನೆಯಲ್ಲಿ ಕೇಳಿದರೆ ‘ವಯಸ್ಸಾತು, ಇನ್ನ ಹಿಂಗ ಅದು’ ಎಂಬ ಉತ್ತರ. ಎರಡೂ ಮಾತು ಬಹಳ ಸಲ ಸುಳ್ಳು. ಕೈ ನಡುಕ ಒಂದು ರೋಗದ ಹೆಸರಲ್ಲ, ಹಲವು ಕಾಯಿಲೆಗಳ ಲಕ್ಷಣ. ಒಂದು ಗುಳಿಗೆ ಬದಲಿಸಿದರೆ ಹೋಗುವ ನಡುಕವೂ ಇದೆ, ಜೀವನಪೂರ್ತಿ ಔಷಧ ಬೇಡುವ ನಡುಕವೂ ಇದೆ.

ಕೈ ಯಾವಾಗ ನಡುಗುತ್ತದೆ, ಕೆಲಸ ಮಾಡುವಾಗಲೋ ಸುಮ್ಮನೆ ಕೂತಾಗಲೋ? ವೈದ್ಯರು ಮೊದಲು ಕೇಳುವುದು ಇದನ್ನೇ. ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ.

ಚಹಾದ ಬಶಿ ಎತ್ತುವಾಗ, ಸೂಜಿ ಪೋಣಿಸುವಾಗ, ಸಹಿ ಮಾಡುವಾಗ ಎರಡೂ ಕೈ ನಡುಗಿ, ತೊಡೆ ಮೇಲೆ ಇಟ್ಟಾಗ ನಿಂತರೆ ಅದು ಹೆಚ್ಚಾಗಿ ‘ಎಸೆನ್ಶಿಯಲ್ ಟ್ರೆಮರ್’. ಕೆಲವರಿಗೆ ತಲೆ ಅಲುಗುತ್ತದೆ, ದನಿಯೂ ನಡುಗುತ್ತದೆ. ‘ನಮ್ಮಪ್ಪಗೂ ಹಿಂಗ ಇತ್ತರಿ’ ಎನ್ನುವವರು ಬಹಳ, ಏಕೆಂದರೆ ಇದು ಮನೆತನದಲ್ಲಿ ಹರಿದು ಬರುತ್ತದೆ. ಇದರಿಂದ ಜೀವಕ್ಕೆ ಅಪಾಯವಿಲ್ಲ. ಆದರೆ ತಂಬೂರಿಯ ಜವಾರಿಯನ್ನು ಕೂದಲೆಳೆಯಷ್ಟು ಲೆಕ್ಕದಲ್ಲಿ ಉಜ್ಜಿ ಕೂಡಿಸುವ ಮಿರಜಿನ ಕುಶಲಕರ್ಮಿಗೋ, ಸಾಂಗಲಿ ಪೇಟೆಯ ಅಕ್ಕಸಾಲಿಗನಿಗೋ ಇದು ಬಂದರೆ ಹೊಟ್ಟೆಯ ಪ್ರಶ್ನೆಯಾಗುತ್ತದೆ. ಇನ್ನೊಂದು ಗಮ್ಮತ್ತು: ಸ್ವಲ್ಪ ದಾರು ಕುಡಿದರೆ ಈ ನಡುಕ ತಾತ್ಪೂರ್ತಿಕವಾಗಿ ಕಡಿಮೆಯಾಗುತ್ತದೆ. ಅದನ್ನೇ ಔಷಧ ಮಾಡಿಕೊಂಡು ಚಟಕ್ಕೆ ಬಿದ್ದರೆ, ಮುಂದೆ ಕುಡಿಯದ ದಿನ ಬೇರೆಯೇ ನಡುಕ ಶುರು.

ಕಂಪವಾತದ ಗುರುತು

ಮರಾಠಿಯಲ್ಲೂ ಕನ್ನಡದಲ್ಲೂ ಕಂಪವಾತ ಎನ್ನುವ ಪಾರ್ಕಿನ್ಸನ್ ಕಾಯಿಲೆ ಇದಕ್ಕೆ ಉಲ್ಟಾ. ಕೈ ತೊಡೆ ಮೇಲಿದ್ದಾಗಲೇ ನಡುಕ. ಹೆಬ್ಬೆರಳು ತೋರುಬೆರಳಲ್ಲಿ ತಂಬಾಕಿನ ಉಂಡೆ ಹೊರಳಿಸಿದಂತೆ ಕಾಣುತ್ತದೆ. ಸಾಮಾನ್ಯವಾಗಿ ಒಂದೇ ಬದಿಯಿಂದ ಆರಂಭ. ಮೆದುಳಿನಲ್ಲಿ ಡೋಪಮೈನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುವುದು ಇದರ ಮೂಲ. ನಡುಕಕ್ಕಿಂತ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇರಬಹುದು. ನಡೆಯುವಾಗ ಒಂದು ಕೈ ಬೀಸುವುದಿಲ್ಲ, ಅಂಗಿ ಗುಂಡಿ ಹಾಕಲು ಹೊತ್ತಾಗುತ್ತದೆ. ಕೆಲವರಿಗೆ ನಡುಕವೇ ಇರುವುದಿಲ್ಲ, ಬರೀ ಬಿಗಿತ, ನಿಧಾನ. 1817ರಲ್ಲಿ ಇದನ್ನು ವಿವರಿಸಿದ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಬರೆದದ್ದು ಆರು ಜನರ ಬಗ್ಗೆ, ಅದರಲ್ಲಿ ಮೂವರನ್ನು ಕಂಡದ್ದು ರಸ್ತೆಯಲ್ಲಿ. ಕಣ್ಣಿಟ್ಟು ನೋಡಿದರೆ ಅಷ್ಟು ತಿಳಿಯುತ್ತದೆ.

ಸಹಿಯೂ ಸಾಕ್ಷಿ ಹೇಳುತ್ತದೆ. ಮೊದಲ ಬಗೆಯ ನಡುಕದಲ್ಲಿ ಅಕ್ಷರ ದೊಡ್ಡದಾಗಿ ಅಂಕುಡೊಂಕಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಬರೆಯುತ್ತ ಹೋದಂತೆ ಅಕ್ಷರ ಸಣ್ಣದಾಗಿ, ಸಾಲಿನ ಕೊನೆಗೆ ಇರುವೆಯಷ್ಟಾಗುತ್ತದೆ. ಅದಕ್ಕೇ ವೈದ್ಯರು ಹಾಳೆ ಕೊಟ್ಟು ಚಕ್ಕಲಿಯಂತೆ ಸುರುಳಿ ಬರೆಸುತ್ತಾರೆ. ಮೂರ್ನಾಲ್ಕು ವರ್ಷ ಹಿಂದಿನ ಸಹಿ ಇರುವ ಕಾಗದ ಮನೆಯಲ್ಲಿದ್ದರೆ ಒಯ್ದು ತೋರಿಸುವುದು ಒಳ್ಳೆಯದು.

ಗುಳಿಗೆ ಚೀಟಿಯನ್ನೂ ತೋರಿಸಿ

ಜನ ಲಕ್ಷ್ಯಕ್ಕೆ ತರದ ಕಾರಣವೆಂದರೆ ಔಷಧಗಳೇ. ತಲೆತಿರುಗಿಗೆ ಕೊಡುವ ಸಿನ್ನರಿಜಿನ್, ಫ್ಲುನಾರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಗುಳಿಗೆ, ಇವನ್ನು ಬಹಳ ದಿನ ನುಂಗಿದರೆ ಪಾರ್ಕಿನ್ಸನ್‌ನಂಥ ನಡುಕವೇ ಬರಬಹುದು. ಒಮ್ಮೆ ಬರೆದ ಚೀಟಿಯನ್ನು ವರ್ಷಗಟ್ಟಲೆ ಅಂಗಡಿಗೆ ತೋರಿಸಿ ಗುಳಿಗೆ ತರುವ ರೂಢಿ ನಮ್ಮಲ್ಲಿ ಇದ್ದೇ ಇದೆ. ದಮ್ಮಿನ ಸಾಲ್ಬುಟಮಾಲ್, ಫಿಟ್ಸಿನ ವಾಲ್ಪ್ರೊಯೇಟ್ ಕೂಡ ಕೈ ನಡುಗಿಸುತ್ತವೆ. ಹಾಗಂತ ತಾವೇ ಬಿಡಬಾರದು. ಫಿಟ್ಸಿನ ಗುಳಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಮರಳುತ್ತದೆ.

ತೂಕ ಇಳಿದು, ಎದೆ ಬಡಿತ ಏರಿ, ಬೆರಳು ಸಣ್ಣಗೆ ನಡುಗಿದರೆ ಥೈರಾಯ್ಡ್ ಪರೀಕ್ಷೆ ಬೇಕು. ಸಕ್ಕರೆ ಕಾಯಿಲೆಗೆ ಔಷಧ ತಗೊಳ್ಳುವವರು ಒಮ್ಮೆಲೇ ಬೆವತು ನಡುಗಿದರೆ ಸಕ್ಕರೆ ಇಳಿದಿರಬಹುದು, ಎಚ್ಚರವಿದ್ದರೆ ಮೊದಲು ಸಕ್ಕರೆ ತಿನ್ನಿಸಿ. ವರ್ಷಾನುಗಟ್ಟಲೆ ಕುಡಿದವರು ಪೂರ್ಣ ಬಿಟ್ಟ ಎರಡು-ಮೂರು ದಿನಗಳಲ್ಲಿ ನಡುಗಿ ಬಡಬಡಿಸಿದರೆ ಆಸ್ಪತ್ರೆಯೇ ಗತಿ. ತಾಸಗಾಂವ, ಮಿರಜ ತಾಲೂಕಿನ ದ್ರಾಕ್ಷಿ ತೋಟದವರಿಗೆ ಒಂದು ಮಾತು: ಕೀಟನಾಶಕ ಹೊಡೆಯುವಾಗ ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಮಾಂಸಖಂಡ ಅದುರುವುದು ಕಂಡರೆ ಮನೆಗಲ್ಲ, ನೇರ ದವಾಖಾನೆಗೆ ಹೋಗಬೇಕು. ನಲವತ್ತರೊಳಗಿನವರಿಗೆ ನಡುಕ ಬಂದರೆ ಮೈಯಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ಕಾಯಿಲೆಯನ್ನೂ ನೋಡಿಸಬೇಕು, ಬೇಗ ತಿಳಿದರೆ ಅದಕ್ಕೆ ಔಷಧ ಇದೆ.

ಭಾಷೆಯ ತೊಡಕು

1894ರಲ್ಲಿ ಡಾ. ವಿಲಿಯಂ ವಾನ್‌ಲೆಸ್ ಮಿಷನ್ ಆಸ್ಪತ್ರೆ ತೆರೆದಾಗಿನಿಂದ ಮಿರಜ ದವಾಖಾನೆಗಳ ಊರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಕಾಗವಾಡ, ಅಥಣಿ, ಕುಡಚಿ, ಜತ್ತ ಕಡೆಯ ಕನ್ನಡದ ಜನ ಬರುವುದೂ ಇಲ್ಲಿಗೇ. ನಾವು ಚಳಿಗೂ, ಅಂಜಿಕೆಗೂ, ಕೈಗೂ ‘ನಡುಕ’ ಎಂಬ ಒಂದೇ ಶಬ್ದ ಬಳಸುತ್ತೇವೆ. ಮರಾಠಿಯಲ್ಲಿ ಚಳಿಗೆ ‘ಹುಡಹುಡಿ’, ಕೈಗೆ ‘ಥರಥರ’. ಜೊತೆಗೆ ಬಂದವರು ‘ಥಂಡೀ ವಾಜತೇ’ ಎಂದುಬಿಟ್ಟರೆ ಮಾತು ಜ್ವರದ ಕಡೆ ಹೊರಳುತ್ತದೆ. ‘ಹಾತ್ ಥರಥರತಾತ್’ ಎಂದಷ್ಟೇ ಹೇಳಿ ಕೈ ಮುಂದೆ ಚಾಚಿದರೆ ಸಾಕು.

ಔಷಧದ ವಿಷಯ. ಎಸೆನ್ಶಿಯಲ್ ಟ್ರೆಮರ್‌ಗೆ ಪ್ರೊಪ್ರನೊಲಾಲ್ ಕೊಡುವುದುಂಟು, ದಮ್ಮು ಇದ್ದವರು ಮೊದಲೇ ಹೇಳಬೇಕು. ಪಾರ್ಕಿನ್ಸನ್‌ಗೆ ಲೆವೊಡೋಪಾ ಮುಖ್ಯ; ರೋಗ ಅಳಿಯದು, ಆದರೆ ಕೈಕಾಲು ಹಗುರಾಗಿ ಓಡಾಟ ಸಾಧ್ಯ. ಊಟಕ್ಕೆ ಅರ್ಧ ತಾಸು ಮೊದಲು ತಗೊಂಡರೆ ಚೆನ್ನಾಗಿ ಹತ್ತುತ್ತದೆ, ಹಾಲು-ಬೇಳೆಯ ಪ್ರೊಟೀನ್ ಅದಕ್ಕೆ ಅಡ್ಡ. ಹೊಲದ ಬೇಲಿಯ ನಸುಗುನ್ನಿ, ಅಂದರೆ ಮರಾಠಿಯ ಖಾಜಕುಯಿಲಿಯ ಬೀಜದಲ್ಲೂ ಲೆವೊಡೋಪಾ ಇದೆ. 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮವರೇ ಅದನ್ನು ಬೇರ್ಪಡಿಸಿ ತೋರಿಸಿದರು. ಆಯುರ್ವೇದದಲ್ಲಿ ಬಳಕೆಯೂ ಇದೆ. ಆದರೆ ಗುಳಿಗೆಯ ಜೊತೆ ಗುಟ್ಟಾಗಿ ಪುಡಿ ನುಂಗಿದರೆ ಪ್ರಮಾಣ ಮೀರುತ್ತದೆ.

ಇನ್ನು ಬ್ಯಾಂಕಿನ ಮಾತು. ಸಹಿ ಮಾಡಲಾಗದಷ್ಟು ಅಸ್ವಸ್ಥರು ಹೆಬ್ಬೆಟ್ಟು ಒತ್ತಿ ಹಣ ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿ ಆಗಿರಬೇಕು. 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ. ಮೀಸಲಾತಿಯಂಥ ಸವಲತ್ತುಗಳಿಗೆ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕಾಗುತ್ತದೆ.